ಉಣ್ಣೆ ಗೋದಾಮಿನ ಪಿಟೀಲು

ಎದುರಿಗೆ ನಿಂತವರನ್ನು ಕಣ್ಣಲ್ಲೇ ಅಳೆದುಬಿಡುವುದು ಬಟ್ಟೆ ವ್ಯಾಪಾರಿಗೆ ಅಂಟಿದ ರೋಗ. ಬಂದವರು ಯಾರು, ಎಂಥವರು ಎಂದು ತಿಳಿಯುವುದಕ್ಕೂ ಮೊದಲೇ ಅವರಿಗೆ ಎಷ್ಟು ಗಜ ಬೇಕು, ಯಾವ ಬಣ್ಣ ಒಪ್ಪುತ್ತದೆ, ಯಾವುದನ್ನು ಬಿಚ್ಚಿ ತೋರಿಸಿದರೆ ಪಕ್ಕದಂಗಡಿಯ ಯೋಚನೆ ಬಿಟ್ಟು ಇಲ್ಲೇ ಕೂರುತ್ತಾರೆ ಎಂಬುದು ನಮಗೆ ಹೊಳೆದಿರುತ್ತದೆ. ಆ ಹುಡುಗಿ ಮೊದಲ ಸಲ ನನ್ನ ಅಂಗಡಿಯ ಬಾಗಿಲಲ್ಲಿ ನಿಂತಾಗಲೂ ಅಭ್ಯಾಸಬಲದಿಂದ ಅಳೆದೆ. ವಯಸ್ಸು ಹತ್ತೊಂಬತ್ತಿರಬಹುದು. ಎಡಭುಜ ಬಲಭುಜಕ್ಕಿಂತ ಅರ್ಧ ಅಂಗುಲ ಮೇಲೆ. ಎಡದವಡೆಯ ಕೆಳಗೆ, ಯಾರೋ ಹೆಬ್ಬೆರಳು ಒತ್ತಿ ಮರೆತು ಹೋದಂತೆ, ಒಂದು ಕಂದು ಕಲೆ. ಮೈಮೇಲೆ ಗಂಡಸಿನ ಕೋಟನ್ನು ಬಿಚ್ಚಿ ಅವಳ ಅಳತೆಗೆ ಇಳಿಸಿ ಹೊಲಿದ ಕೋಟು. ಬಟ್ಟೆಗೆ ವಯಸ್ಸಾಗಿದ್ದರೂ ನೇಯ್ಗೆಯ ಗತ್ತು ಹೋಗಿರಲಿಲ್ಲ. ಕೈಯಲ್ಲಿ ಸವೆದ ಮೂಲೆಗಳ ಒಂದು ಕರಿಯ ಪೆಟ್ಟಿಗೆ. ಕೊಳ್ಳುವ ಗಿರಾಕಿಯಲ್ಲ ಎಂದು ತೀರ್ಮಾನಿಸಿ ಮತ್ತೆ ವೃತ್ತಪತ್ರಿಕೆಯೊಳಗೆ ಮುಖ ಹುದುಗಿಸಿದೆ. ಆ ತೀರ್ಮಾನ ಮಾತ್ರ ಇಂದಿಗೂ ಸರಿಯಾಗಿಯೇ ಉಳಿದಿದೆ. ಅವಳು ನನ್ನಿಂದ ಒಂದು ಗೇಣು ಬಟ್ಟೆ ಕೊಂಡವಳಲ್ಲ. ಉಳಿದೆಲ್ಲದರಲ್ಲೂ ನನ್ನ ಅಳತೆ ತಪ್ಪಿತ್ತು.

ಅವಳ ಹಿಂದೆಯೇ ಅವಳ ತಾಯಿ ಬಂದಳು. ತಾಯಿ ನನಗೆ ಹಳೆಯ ಪರಿಚಯ. ನಮ್ಮ ಬೀದಿಯ ಕೊನೆಯ ಕಟ್ಟಡದ ಮೂರನೆಯ ಮಹಡಿಯಲ್ಲಿ ಹೊಲಿಗೆಯಂತ್ರ ಇಟ್ಟುಕೊಂಡು, ಗಂಡ ಹೋದ ಮೇಲೆ ಅದೊಂದರ ಬಲದಿಂದಲೇ ಸಂಸಾರ ನಡೆಸುತ್ತಿದ್ದವಳು. ನಮ್ಮಲ್ಲಿ ಬಟ್ಟೆ ಕೊಂಡವರಿಗೆ ನಾನು ಅವಳ ವಿಳಾಸ ಕೊಡುತ್ತಿದ್ದೆ, ಅವಳು ಹೊಲಿಸಲು ಬಂದವರಿಗೆ ನನ್ನದನ್ನು ಕೊಡುತ್ತಿದ್ದಳು.

"ಅಣ್ಣ, ಒಂದು ಕೇಳ್ತೀನಿ. ಇಲ್ಲ ಅನ್ನೋದಾದ್ರೆ ಈಗ್ಲೇ ಅಂದುಬಿಡಿ."

"ಏನು ಅಂತ ಕೇಳಿದ ಮೇಲೇ ಇಲ್ಲ ಅಂತೀನಿ ಬಿಡಮ್ಮ, ಅವಸರ ಏನು?"

"ನಿಮ್ಮ ಹಿಂದಿನ ಗೋದಾಮು ಬೆಳಿಗ್ಗೆ ಹೊತ್ತು ಖಾಲಿ ಇರುತ್ತಲ್ಲ…"

"ಖಾಲಿನಾ? ಬಾಗಿಲು ತೆಗೆದ್ರೆ ಬಟ್ಟೆ ಥಾನುಗಳು ಮೈಮೇಲೆ ಬೀಳ್ತವೆ."

"ಜನ ಇರಲ್ಲ ಅಂದೆ ಅಣ್ಣ. ಇವಳಿಗೆ ನಿಂತು ಪಿಟೀಲು ನುಡಿಸೋಕೆ ಜಾಗ ಬೇಕು. ಕೆಳಗಿನ ಮನೆಯೋರು ರಾತ್ರಿ ಪಾಳಿ ಮುಗಿಸಿ ಹಗಲು ಮಲಗ್ತಾರೆ. ನಿನ್ನೆ ಪೊರಕೆ ಹಿಡಿಯಿಂದ ಛಾವಣಿ ಕುಟ್ಟಿದ್ರು."

"ತಾಳ ಹಾಕೋಕೋ?"

"ಅಣ್ಣ, ತಮಾಷೆ ಬೇಡ."

ತಾಯಿ ಹೀಗೆ ಗದರಿಸುತ್ತಿದ್ದರೆ ಮಗಳು ನಮ್ಮಿಬ್ಬರನ್ನೂ ಬಿಟ್ಟು, ಯಾರ ಅಪ್ಪಣೆಗೂ ಕಾಯದೆ, ಹಿಂದಿನ ಬಾಗಿಲು ದಾಟಿ ಗೋದಾಮಿನೊಳಕ್ಕೆ ಹೋಗಿದ್ದಳು. ನಾವು ಹಿಂಬಾಲಿಸಿ ಹೋದಾಗ ಅವಳು ನೆಲದಿಂದ ಛಾವಣಿಯವರೆಗೆ ಪೇರಿಸಿದ್ದ ಉಣ್ಣೆಯ ಥಾನುಗಳ ನಡುವೆ ನಿಂತು, ಎರಡೂ ಕೈ ಎತ್ತಿ ಒಂದೇ ಒಂದು ಚಪ್ಪಾಳೆ ತಟ್ಟಿದಳು. ಚಪ್ಪಾಳೆ ಕೈಯಿಂದ ಹೊರಟಲ್ಲೇ ಸತ್ತಿತು. ಅವಳ ಮುಖ ಅರಳಿತು.

"ಮಾವ, ಈ ಕೋಣೆ ಸುಳ್ಳು ಹೇಳಲ್ಲ," ಎಂದಳು.

ನನ್ನನ್ನು 'ಅಣ್ಣ' ಎನ್ನುವವಳ ಮಗಳಾದ್ದರಿಂದ ನಾನು ಮಾವನಾದೆ. ಸಂಬಂಧ ಅಷ್ಟು ಬೇಗ ಕುದುರಿಸಿಕೊಂಡವಳಿಗೆ ಇಲ್ಲವೆನ್ನುವುದು ಹೇಗೆ? ಅದಕ್ಕಿಂತ ಹೆಚ್ಚಾಗಿ ಆ ಮಾತು ನನ್ನ ಕಸುಬಿಗೆ ತಾಗಿತು. ಬಟ್ಟೆಯಂಗಡಿಯ ಒಳದೀಪ ಎಲ್ಲ ಬಣ್ಣವನ್ನೂ ಹೊಗಳುತ್ತದೆ. ಮರ್ಯಾದಸ್ಥ ವ್ಯಾಪಾರಿ ಥಾನನ್ನು ಹೊಸ್ತಿಲಿಗೆ ತಂದು ಹಗಲು ಬೆಳಕಿನಲ್ಲಿ ಬಿಚ್ಚಿ ತೋರಿಸುತ್ತಾನೆ. ನನ್ನ ಗೋದಾಮು ಸ್ವರಗಳ ಹೊಸ್ತಿಲು ಎಂದು ಅವಳು ಹೇಳಿದಂತಾಯಿತು. ಆ ಜಂಬದಲ್ಲಿ ಬೀಗದ ಕೈಯನ್ನೇ ಕೊಟ್ಟುಬಿಟ್ಟೆ.

ಹೊರಡುವಾಗ ನನ್ನ ಕಣ್ಣು ಆ ಕೋಟಿನ ಬಲಬಗಲಿನ ಮೇಲೆ ಬಿತ್ತು. ಅಲ್ಲಿ ಮಾತ್ರ, ಎಡಕ್ಕಿಲ್ಲದ ಒಂದು ಚೌಕದ ತುಂಡು ಬಟ್ಟೆಯನ್ನು ಕೂಡಿಸಿ ಹೊಲಿದಿತ್ತು. "ಇದೇನಮ್ಮ, ಒಂದೇ ಬಗಲಿಗೆ ಉಪಚಾರ?" ಎಂದೆ. ಹುಡುಗಿ ಉತ್ತರವಾಗಿ ಬಲಗೈಯನ್ನು ಕಮಾನು ಎಳೆಯುವಂತೆ ಉದ್ದಕ್ಕೆ ಚಾಚಿ ತೋರಿಸಿದಳು. ಕೋಟು ಒಂದಿಷ್ಟೂ ಜಗ್ಗಲಿಲ್ಲ. ಒಂದೇ ಕಡೆಗೆ ಜಾಸ್ತಿ ಬಟ್ಟೆ ಬೇಡುವ ಜೀವನ ಅದು ಎಂಬುದು ಅಂದು ನನಗೆ ತಿಳಿಯಬೇಕಿತ್ತು.

ಅವಳ ನಡಿಗೆ ವಿಚಿತ್ರವಾಗಿತ್ತು. ಬೀದಿಯಲ್ಲಿ ಯಾವಾಗಲೂ ಗೋಡೆಯ ಪಕ್ಕಕ್ಕೇ, ಪೆಟ್ಟಿಗೆಯನ್ನು ಗೋಡೆಗೂ ತನಗೂ ನಡುವೆ ಇಟ್ಟುಕೊಂಡು ಬರುತ್ತಿದ್ದಳು. ಬಾಗಿಲು ಬಂದಾಗ ಅಡ್ಡ ತಿರುಗಿ, ಮನೆಯ ಹಿರಿಯರನ್ನು ಮುಂದೆ ಬಿಡುವಂತೆ ಮೊದಲು ಪೆಟ್ಟಿಗೆಯನ್ನು ಒಳಗೆ ಬಿಟ್ಟು ಆಮೇಲೆ ತಾನು ಬರುತ್ತಿದ್ದಳು. ಕೂರುತ್ತಿರಲಿಲ್ಲ. ಬ್ರೆಡ್ಡನ್ನೂ ನಿಂತೇ ತಿನ್ನುತ್ತಿದ್ದಳು. ಕುರ್ಚಿ ತೋರಿಸಿದರೆ, "ಕೂತ್ರೆ ಬೆನ್ನು ಎಲ್ಲಾ ಮರೆತುಬಿಡುತ್ತೆ ಮಾವ," ಎನ್ನುತ್ತಿದ್ದಳು. ನುಡಿಸುವಾಗ ಒಂದು ಸಾಲು ಮುಗಿದ ಕೂಡಲೇ, ಅದು ಚೆನ್ನಾಗಿದ್ದರೂ ಕೆಟ್ಟಿದ್ದರೂ ಒಂದೇ ಧಾಟಿಯಲ್ಲಿ, "ಇನ್ನೊಂದ್ ಸಲ" ಎಂದು ಗಟ್ಟಿಯಾಗಿ ತನಗೆ ತಾನೇ ಹೇಳಿಕೊಂಡು ಮೊದಲಿನಿಂದ ಶುರುಮಾಡುತ್ತಿದ್ದಳು. ವಾರ ಕಳೆಯುವುದರೊಳಗೆ ನಮ್ಮ ಹಮಾಲರು ಅವಳಿಗೆ 'ಇನ್ನೊಂದ್ಸಲ' ಎಂದೇ ಹೆಸರಿಟ್ಟರು. "ಇನ್ನೊಂದ್ಸಲ ಬಂದ್ಲಾ?" "ಬಂದ್ಲು, ಆಗ್ಲೇ ಒಂಬತ್ತನೇ ಸಲ ನಡೀತಿದೆ."

ಕೋಣೆ ಕೊಡುವಾಗ ನಾನು ಮನಸ್ಸಿನಲ್ಲಿ ಕಂಡದ್ದು ಬೇರೆ. ಥಾನು ಬಿಚ್ಚುತ್ತ ಕುಳಿತ ನನಗೆ ಒಳಗಿನಿಂದ ಇಂಪಾದ ಹಾಡುಗಳು ಕೇಳಿಬರುತ್ತವೆ, ಗಿರಾಕಿಗಳು ತಲೆದೂಗುತ್ತ ಎರಡು ಗಜ ಹೆಚ್ಚು ಕೊಳ್ಳುತ್ತಾರೆ ಎಂಬ ಅಂದಾಜು. ಕೇಳಿಬಂದದ್ದು ಒಂದೇ ಸಾಲು, ನಲವತ್ತು ನಿಮಿಷ. ನಮ್ಮ ಮುದಿ ಗುಮಾಸ್ತ ಕನ್ನಡಕ ಹಣೆಗೇರಿಸಿ, "ಯಜಮಾನ್ರೇ, ಗ್ರಾಮಫೋನಿನ ಸೂಜಿ ಸಿಕ್ಕಿಹಾಕ್ಕೊಂಡಿರಬೇಕು, ಹೋಗಿ ಎತ್ತಿಡಿ," ಎಂದ. ನನ್ನ ಹೆಂಡತಿ ಒಮ್ಮೆ ಬುತ್ತಿ ತಂದವಳು ಗೋದಾಮಿಗೇ ಹೋಗಿ, "ಒಂದಾದ್ರೂ ಪೂರ್ತಿ ಹಾಡು ನುಡಿಸೇ," ಎಂದು ಕೇಳಿದಳು.

"ಅತ್ತೆ, ಇನ್ನೂ ಆಗಿಲ್ಲ."

"ಏನು ಆಗಿಲ್ಲ?"

"ಮೂರನೇ ಸಾಲು."

ಅವಳಿಗೆ ಮುಂದೆ ಎರಡು ದಾರಿಗಳಿದ್ದವು. ಅದನ್ನು ಅವಳ ತಾಯಿ ಒಂದು ಸಂಜೆ ಗುಂಡಿಗಳನ್ನು ಆರಿಸುತ್ತ ನನಗೆ ಬಿಡಿಸಿ ಹೇಳಿದಳು. ನಗರದ ವಾದ್ಯವೃಂದದವರು ಹಿಂದಿನ ಸಾಲಿನಲ್ಲಿ ಅವಳಿಗೊಂದು ಕಾಯಂ ಕುರ್ಚಿ ಕೊಡುವುದಾಗಿ ಕಾಗದ ಬರೆದಿದ್ದರು. ವಸಂತಕಾಲದಲ್ಲಿ ಕಛೇರಿಗಳ ಹಂಗಾಮು ಮುಗಿಯುವುದರೊಳಗೆ ಒಪ್ಪಿಗೆ ತಿಳಿಸಬೇಕು. ಅಲ್ಲಿ ಕುಳಿತರೆ ಅರವತ್ತು ಜನರ ನಡುವೆ ಒಬ್ಬಳಾಗಿ, ನೆಮ್ಮದಿಯಾಗಿ, ಮುಪ್ಪಿನವರೆಗೆ. ಇನ್ನೊಂದು ದಾರಿ, ಆ ಅರವತ್ತು ಜನರ ಮುಂದೆ ಒಬ್ಬಳೇ ನಿಲ್ಲುವುದು. ವೃಂದದ ನಿರ್ದೇಶಕರು ವರ್ಷಕ್ಕೆ ಒಬ್ಬರು ಎಳೆಯ ಕಲಾವಿದರನ್ನು ಹಾಗೆ ನಿಲ್ಲಿಸಿ ನೋಡುತ್ತಿದ್ದರು. ಹಿಡಿಸಿದರೆ ಮುಂದಿನ ಹಂಗಾಮಿಗೆ ಕರೆ, ಇಲ್ಲದಿದ್ದರೆ ವಿದಾಯ. ಆ ವರ್ಷದ ಸರದಿ ಇವಳದು.

"ಕುರ್ಚಿ ಕೊಡ್ತೀವಿ ಅಂದ್ರೆ ಬೇಡ, ನಿಂತ್ಕೋತೀನಿ ಅಂತಾಳೆ ಅಣ್ಣ. ಇಂಥಾ ಮಗು ಯಾರಿಗಾದ್ರೂ ಹುಟ್ಟುತ್ತಾ?" ಎಂದು ತಾಯಿ ನಿಟ್ಟುಸಿರು ಬಿಟ್ಟಳು.

ಶರತ್ಕಾಲದ ಕೊನೆಗೆ ಆ ಕಛೇರಿ ನಡೆಯಿತು. ನಾನೂ ನನ್ನ ಹೆಂಡತಿಯೂ ಇದ್ದದ್ದರಲ್ಲಿ ಒಳ್ಳೆಯದನ್ನು ಉಟ್ಟು ತೊಟ್ಟು ಹೋದೆವು. ಎತ್ತರದ ಕಮಾನುಗಳ ಕಲ್ಲಿನ ಭವನ. ಕೆಮ್ಮಿದರೆ ಆ ಕೆಮ್ಮು ಸುತ್ತಾಡಿಕೊಂಡು ಬಂದು ನಮ್ಮನ್ನೇ ವಿಚಾರಿಸುವಂಥದು. ಅವಳು ಬಂದು ನಿಂತಳು, ಗದ್ದವನ್ನು ಪಿಟೀಲಿಗೆ ಒತ್ತಿದಳು, ನಮ್ಮ ಗೋದಾಮಿನಲ್ಲಿ ಸಾವಿರ ಸಲ ತಿದ್ದಿದ ಸಾಲುಗಳನ್ನು ಒಂದೂ ತಪ್ಪದೆ, ಒಂದೂ ಬಿಡದೆ, ಅದೇ ಬಿಗಿಯಲ್ಲಿ ನುಡಿಸಿದಳು. ಸಂಗೀತದಲ್ಲಿ ನಾನು ಸೊನ್ನೆ. ಆದರೂ ಏನೋ ಕೆಟ್ಟಿದೆ ಎಂಬುದು ನನಗೂ ತಿಳಿಯಿತು. ಒದ್ದೆಯ ಬಣ್ಣದ ಬಟ್ಟೆಯನ್ನು ಒಣಗಲು ಬಿಡದೆ ಮಡಿಸಿದಾಗ ಒಂದರ ಬಣ್ಣ ಇನ್ನೊಂದಕ್ಕೆ ಹತ್ತುತ್ತದಲ್ಲ, ಹಾಗಿತ್ತು ಅದು. ಜನ ಸೌಜನ್ಯದ ಚಪ್ಪಾಳೆ ತಟ್ಟಿದರು. ಬಿಳಿಗಡ್ಡದ ನಿರ್ದೇಶಕರು ಮೆಟ್ಟಿಲ ಬಳಿ ಅವಳನ್ನು ತಡೆದು, "ಮಗೂ, ನೀನೊಬ್ಬಳೇ ಮಾತಾಡಿದೆ. ಈ ಭವನಕ್ಕೆ ಬಾಯಿ ತೆರೆಯೋಕೇ ಬಿಡಲಿಲ್ಲ," ಎಂದರು. ಆಮೇಲೆ ಏನೆನ್ನಿಸಿತೋ, ಕೋಟಿನ ಗುಂಡಿ ಹಾಕಿಕೊಳ್ಳುತ್ತ, "ಹಂಗಾಮು ಮುಗಿಯೋ ವಾರ ಬೆಳಿಗ್ಗೆ ಬಾ. ಹತ್ತು ನಿಮಿಷ ಕೇಳ್ತೀನಿ. ಅಲ್ಲಿಗೆ ಮುಗೀತು," ಎಂದು ಸೇರಿಸಿದರು.

ಮರುದಿನ ಬೆಳಿಗ್ಗೆ ಗೋದಾಮಿನಲ್ಲಿ ಅವಳು ಪೆಟ್ಟಿಗೆಯನ್ನು ತೆರೆಯದೆ, ಥಾನುಗಳಿಗೆ ಒರಗಿ ನಿಂತಿದ್ದಳು.

"ಒಂದೂ ತಪ್ಪಾಗಲಿಲ್ಲವಂತೆ, ಪೇಪರಲ್ಲಿ ಬಂದಿದೆ," ಎಂದೆ ಸಮಾಧಾನಕ್ಕೆ.

"ಅದೇ ತೊಂದರೆ ಮಾವ. ಅಲ್ಲಿ ಒಂದು ಸ್ವರ ಬಿಟ್ರೆ ಅದು ಹೋಗಿ ಗೋಡೆ ಮುಟ್ಟಿ ವಾಪಸ್ ಬರುತ್ತೆ. ಅದು ಬರೋಕೆ ಮೊದಲೇ ನಾನು ಮುಂದಿಂದು ಬಿಟ್ಟೆ. ಎರಡೂ ಡಿಕ್ಕಿ ಹೊಡ್ಕೊಂಡ್ವು. ಇಲ್ಲಿ ಬಿಟ್ಟಿದ್ದು ವಾಪಸ್ ಬರೋದೇ ಇಲ್ಲ, ಅದೇ ರೂಢಿ ಆಗೋಯ್ತು."

"ಮಾರಿದ್ದನ್ನ ವಾಪಸ್ ತಗೊಳ್ಳೋ ಪದ್ಧತಿ ನಮ್ಮಲ್ಲಿ ಇಲ್ಲ ಕಣಮ್ಮ."

ಅವಳು ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಮೂಗೊರೆಸಿಕೊಂಡು, ನಕ್ಕಳು. ನನಗೆ ಮಾತ್ರ ಆ ನಗು ಹಿತವಾಗಲಿಲ್ಲ. ಸುಳ್ಳು ಹೇಳದ ಕೋಣೆ ಎಂದು ನಾನು ಬೀಗಿದ್ದೆ. ಸುಳ್ಳು ಹೇಳದೆಯೂ ಒಬ್ಬರನ್ನು ಕೆಡಿಸಬಹುದೆಂದು ನನಗೆ ಗೊತ್ತಿರಲಿಲ್ಲ. ಬೇರೆ ಜಾಗ ಹುಡುಕಿಕೊಡುತ್ತೇನೆ, ಶಾಲೆಯ ಪಡಸಾಲೆ ಇದೆ, ಹಳೆಯ ಈಜುಕೊಳದ ಕಟ್ಟಡವಿದೆ ಎಂದೆಲ್ಲ ಹೇಳಿದೆ. "ನೋಡೋಣ," ಎಂದಳು. ಅವಳ 'ನೋಡೋಣ'ಕ್ಕೆ 'ಇಲ್ಲ' ಎಂದೇ ಅರ್ಥ.

ಆಗ ಚಳಿ ಶುರುವಾಗಿ ಉಣ್ಣೆಯ ವ್ಯಾಪಾರ ಬಿರುಸಾಯಿತು. ದಿನವೂ ಥಾನುಗಳು ಗೋದಾಮಿನಿಂದ ಹೊರಬೀಳತೊಡಗಿದವು. ಮೊದಲು ಬಾಗಿಲ ಬಳಿಯವು, ಆಮೇಲೆ ಕಿಟಕಿಯ ಕೆಳಗಿನವು. ಹಿಂದಿನ ಚಳಿಗಾಲದ ಮೇಲೆ ನಾನೇ ನೋಡದಿದ್ದ ಉತ್ತರದ ಗೋಡೆಯ ಇಟ್ಟಿಗೆ ಒಂದು ದಿನ ಹೊರಗೆ ಇಣುಕಿತು. ಆ ದಿನ ಒಳಗಿನಿಂದ ಪಿಟೀಲು ಶುರುವಾದದ್ದೇ ನಿಂತಿತು. ಏನಾಯಿತೆಂದು ಹೋಗಿ ನೋಡಿದರೆ ಅವಳು ಕಮಾನನ್ನು ಗಾಳಿಯಲ್ಲಿ ಹಿಡಿದು, ಬಾಗಿಲ ಆಚೆ ಯಾರೋ ಕರೆದಂತೆ ತಲೆ ಓರೆ ಮಾಡಿ ನಿಂತಿದ್ದಳು.

"ಕೋಣೆ ಇವತ್ತು ಬೇರೆ ಮಾವ."

ಅಂದಿನಿಂದ ಅವಳ ಪದ್ಧತಿ ಬದಲಾಯಿತು. ಅಂಗಡಿ ತೆರೆಯುವ ಮೊದಲೇ ಬಂದು, ಬಾಗಿಲು ಮುಚ್ಚಿ, ಒಂದು ತಂತಿಯ ಮೇಲೆ ಒಂದೇ ಉದ್ದನೆಯ ಸ್ವರ ಎಳೆದು, ಅದು ಪೂರ್ತಿ ಅಡಗುವವರೆಗೆ ನಿಂತು ಕೇಳುತ್ತಿದ್ದಳು. ಆಮೇಲೆ ಆ ದಿನದ ಕೋಣೆಗೆ ಎಷ್ಟು ಬಿಗಿ, ಎಷ್ಟು ಬಿಡುವು ಬೇಕೋ ಅಷ್ಟರಲ್ಲೇ ನುಡಿಸುತ್ತಿದ್ದಳು. ನಿನ್ನೆಯ ನುಡಿಸಾಣಿಕೆ ಇಂದಿಗೆ ಬರುತ್ತಿರಲಿಲ್ಲ; ಮಾರಾಟ ನಡೆದಂತೆಲ್ಲ ಕೋಣೆ ಕೊಂಚ ಕೊಂಚವಾಗಿ ಬಾಯಿ ಬಿಡುತ್ತಿತ್ತು. ನನ್ನ ಜೀವಮಾನದಲ್ಲಿ ವ್ಯಾಪಾರದ ಏರಿಳಿತವನ್ನು ಕಿವಿಯಿಂದ ಕೇಳಿದ್ದು ಆ ಒಂದು ಚಳಿಗಾಲ ಮಾತ್ರ.

ಒಂದು ಬೆಳಿಗ್ಗೆ ಆ ಉದ್ದನೆಯ ಸ್ವರ ಎಳೆದವಳೇ ಹೊರಬಂದು, "ಎಡಗಡೆ ಹಿಂದಿನ ಮೂಲೆಯಿಂದ ಏನೋ ಹೋಗಿದೆ," ಎಂದಳು. ಹಿಂದಿನ ಸಂಜೆ ಅಲ್ಲಿಂದ ನಾಲ್ಕು ಥಾನು ಕಂಬಳಿ ಬಟ್ಟೆ ಹೋಗಿತ್ತು. ಗುಮಾಸ್ತ ನಂಬಲಿಲ್ಲ. "ಕಣ್ಣಲ್ಲಿ ನೋಡಿ ಕಿವಿಯಲ್ಲಿ ಕೇಳಿದೆ ಅಂತಿದ್ದಾಳೆ," ಎಂದು ಹಮಾಲರನ್ನು ಕಟ್ಟಿಕೊಂಡು ಒಂದು ಸಂಚು ಹೂಡಿದ. ಮುಂಭಾಗದ ಸಾಲುಗಳನ್ನು ಮುಟ್ಟದೆ, ಹಿಂಬದಿಯ ಥಾನುಗಳನ್ನಷ್ಟೇ ಒಂದು ಮೂಲೆಯಿಂದ ಇನ್ನೊಂದಕ್ಕೆ ಸಾಗಿಸಿ, ಏನೂ ಅರಿಯದವರಂತೆ ಮರುದಿನ ಎಲ್ಲರೂ ಬಾಗಿಲ ಬಳಿ ಗುಡಿಸುವ ನೆಪದಲ್ಲಿ ಜಮಾಯಿಸಿದರು. ಅವಳು ಸ್ವರ ಎಳೆದಳು. ಕೇಳಿದಳು. ಇನ್ನೊಮ್ಮೆ ಎಳೆದಳು.

"ಏನೂ ಹೋಗಿಲ್ಲ. ಜಾಗ ಬದಲಾಗಿದೆ. ಬಲಕ್ಕೆ ತುಂಬಿದೀರ," ಎಂದಳು.

ಹಮಾಲರು ಹೋ ಎಂದು ನಕ್ಕರು. ಗುಮಾಸ್ತ ಕನ್ನಡಕ ಇಳಿಸಿ ಒರೆಸಿಕೊಂಡು, "ಯಜಮಾನ್ರೇ, ಕಾವಲುಗಾರನ್ನ ಬಿಡಿಸಿ ಇವಳನ್ನೇ ಇಟ್ಕೊಳ್ಳಿ," ಎಂದ. ಅವತ್ತಿನಿಂದ ಅವನು ಸೂಜಿಯ ಮಾತೆತ್ತಲಿಲ್ಲ.

ಚಳಿ ಇಳಿಯುತ್ತ ಬಂದಾಗ ನನ್ನಲ್ಲಿ ಒಂದು ಕಳ್ಳಯೋಚನೆ ಹುಟ್ಟಿತು. ಬೇಸಗೆಯ ಹತ್ತಿ ಬಟ್ಟೆ ತುಂಬಿದ ಲಾರಿ ಗಿರಣಿಯಿಂದ ಬರುವ ದಿನಕ್ಕೂ ನಿರ್ದೇಶಕರು ಕೊಟ್ಟ ದಿನಕ್ಕೂ ನಡುವೆ ಎರಡು ವಾರದ ಅಂತರ; ಲಾರಿಯೇ ಮೊದಲು. ಲಾರಿ ಬಂದರೆ ಗೋದಾಮು ತುಂಬುತ್ತದೆ, ಕೋಣೆ ಮತ್ತೆ ಮೂಕವಾಗುತ್ತದೆ, ಹುಡುಗಿ ಕಲಿತದ್ದೆಲ್ಲ ಹತ್ತಿಯಲ್ಲಿ ಹೂತುಹೋಗುತ್ತದೆ. ಒಮ್ಮೆ ಕೆಡಿಸಿದ್ದು ಸಾಕು ಎನ್ನಿಸಿತು. ಗಿರಣಿಯವರಿಗೆ ಎರಡು ವಾರ ತಡೆಯಲು ಹೇಳಿಕಳಿಸಿದೆ. ಬೇಸಗೆಯ ಮೊದಲ ಗಿರಾಕಿಗಳು ಪಕ್ಕದಂಗಡಿಗೆ ಹೋಗತೊಡಗಿದರು. ಮನೆಯಲ್ಲಿ ಲಾರಿ ಕೆಟ್ಟಿದೆ ಎಂದೆ.

"ಲಾರಿ ಕೆಟ್ಟಿದ್ಯೋ, ನಿಮ್ಮ ತಲೆ ಕೆಟ್ಟಿದ್ಯೋ?" ಎಂದಳು ಹೆಂಡತಿ, ತಟ್ಟೆ ತೆಗೆಯುತ್ತ.

ಗೋದಾಮು ಪೂರ್ತಿ ಬರಿದಾಯಿತು. ನಾಲ್ಕು ಗೋಡೆ, ಒಂದು ಏಣಿ, ಅವಳು. ಪಿಟೀಲಿನ ದನಿ ಆಗ ತುಂಬಿ ತುಳುಕುವಂತಾಯಿತು. ಅಂಗಡಿಗೆ ಬಂದವರು ಅಳತೆ ಕೊಡುವುದನ್ನು ಮರೆತು ಕಿವಿಗೊಟ್ಟರು. ನಾನು ಹೊಸ್ತಿಲಲ್ಲಿ ನಿಂತು, ನನ್ನ ತ್ಯಾಗಕ್ಕೆ ನಾನೇ ಮೆಚ್ಚಿ, ಕೇಳುತ್ತಿದ್ದೆ. ಅವಳು ಮಾತ್ರ ಮೂರನೆಯ ದಿನ ಪಿಟೀಲನ್ನು ಕೆಳಗಿಳಿಸಿ ಮುಖ ಕಿವುಚಿದಳು.

"ಈಗ ಇದು ಹೊಗಳೋಕೆ ಶುರುಮಾಡಿದೆ ಮಾವ. ಏನು ನುಡಿಸಿದ್ರೂ ಚೆನ್ನಾಗಿದೆ ಅನ್ನುತ್ತೆ. ಲಾರಿ ಯಾವಾಗ ಬರುತ್ತೆ?"

"ಕೆಟ್ಟಿದೆ."

"ಗುಮಾಸ್ತರು ಎಲ್ಲಾ ಹೇಳಿದ್ರು." ಅವಳು ನನ್ನ ಮುಖ ನೋಡದೆ ತಂತಿಯ ಮೇಲಿನ ರಾಳದ ಪುಡಿ ಒರೆಸುತ್ತಿದ್ದಳು. "ನಂಗೆ ಖಾಲಿ ಕೋಣೆ ಬೇಡ, ತುಂಬಿದ್ದೂ ಬೇಡ. ಬದಲಾಗ್ತಾ ಇರೋ ಕೋಣೆ ಬೇಕು. ಆ ಭವನ ಬೆಳಿಗ್ಗೆ ಜನ ಇಲ್ದೆ ಹೇಗಿರುತ್ತೋ ನಂಗೇನು ಗೊತ್ತು? ಅವತ್ತು ಕೋಟು ಹಾಕ್ಕೊಂಡು ಎಂಟುನೂರು ಜನ ಕೂತಿದ್ರು, ಈ ಸಲ ಮೂರು ಜನ. ಲಾರಿ ತರಿಸಿ ಮಾವ. ನಾನು ನುಡಿಸ್ತಾ ಇರ್ತೀನಿ, ಅವರು ತುಂಬ್ತಾ ಇರ್ಲಿ."

ತ್ಯಾಗವನ್ನು ಹೀಗೆ ವಾಪಸು ಪಡೆಯಬೇಕಾಗಿ ಬಂದದ್ದು ನನಗೆ ಸ್ವಲ್ಪ ಅವಮಾನವೇ. ಲಾರಿ ಬಂತು. ಆ ಎರಡು ದಿನದ ದೃಶ್ಯ ಕಣ್ಣಿಗೆ ಕಟ್ಟಿದಂತಿದೆ: ನಡುವೆ ಕಣ್ಣು ಮುಚ್ಚಿ ನಿಂತ ಹುಡುಗಿ, ಸುತ್ತ ಹೆಗಲ ಮೇಲೆ ಬಟ್ಟೆಯ ಬೇಲು ಹೊತ್ತು "ದಾರಿ, ದಾರಿ" ಎನ್ನುತ್ತ ಓಡಾಡುವ ಹಮಾಲರು, ಒಂದೊಂದು ಬೇಲು ನೆಲ ಕಂಡಾಗಲೂ ಕಣ್ಣು ತೆರೆಯದೆಯೇ ಕೂದಲೆಳೆಯಷ್ಟು ಮಾರ್ಪಡುವ ಅವಳ ಬಲಗೈ. ಹಮಾಲರು ಮೊದಲು ಅವಳನ್ನು ತಪ್ಪಿಸಿಕೊಂಡು ನಡೆಯುತ್ತಿದ್ದವರು ಎರಡನೆಯ ಮಧ್ಯಾಹ್ನದ ಹೊತ್ತಿಗೆ, ತಮಗೇ ತಿಳಿಯದೆ, ಅವಳ ಸಾಲು ಮುಗಿಯುವವರೆಗೆ ಕಾದು ಬೇಲು ಇಳಿಸುತ್ತಿದ್ದರು.

ಕೊನೆಗೆ ಆ ದಿನ ಬಂತು. ಭವನದಲ್ಲಿ ನಿರ್ದೇಶಕರು, ಜೊತೆಗೆ ವಾದ್ಯವೃಂದದ ಇಬ್ಬರು. ಹಿಂದಿನ ಸಾಲಿನಲ್ಲಿ ತಾಯಿ ಮತ್ತು ನಾನು. ತಾಯಿಯ ಚೀಲದಲ್ಲಿ ಕಾಯಂ ಕುರ್ಚಿಯ ಕಾಗದವಿತ್ತು, ಒಪ್ಪಿಗೆಯ ಉತ್ತರವನ್ನೂ ಅವಳೇ ಬರೆದು, ಮಗಳ ಸಹಿಗೆ ಜಾಗ ಬಿಟ್ಟು ತಂದಿದ್ದಳು. ಹುಡುಗಿ ವೇದಿಕೆಗೆ ಬಂದು ಒಂದು ಉದ್ದನೆಯ ಸ್ವರ ಎಳೆದಳು. ನಿಲ್ಲಿಸಿ, ಕಮಾನು ಎತ್ತಿ, ಕಾದಳು. ಸ್ವರ ಎಲ್ಲೆಲ್ಲಿಗೋ ಹೋಗಿ, ನಮ್ಮ ಬೆನ್ನಿನ ಗೋಡೆಯನ್ನು ಮುಟ್ಟಿ, ಮೆಲ್ಲಗೆ ಹಿಂದಿರುಗಿ ಅಡಗಿತು. ಅವಳು ಇನ್ನೂ ಕಾದಳು. ನಿರ್ದೇಶಕರು ಗಡಿಯಾರ ನೋಡಿದರು. ಪಕ್ಕದಲ್ಲಿ ತಾಯಿ, "ಶುರುಮಾಡೇ, ಶುರುಮಾಡೇ," ಎಂದು ಹಲ್ಲುಕಚ್ಚಿ ಪಿಸುಗುಟ್ಟುತ್ತಿದ್ದಳು. ಹತ್ತು ನಿಮಿಷದಲ್ಲಿ ಒಂದನ್ನು ಅವಳು ಬರೀ ಕೇಳುವುದಕ್ಕೇ ಖರ್ಚು ಮಾಡಿದಳು.

ಆಮೇಲೆ ನುಡಿಸಿದಳು. ಅದೇ ಸಾಲುಗಳು, ಆದರೆ ಈ ನಿಧಾನ ನಾನು ಗೋದಾಮಿನಲ್ಲಿ ಎಂದೂ ಕೇಳಿದ್ದಲ್ಲ. ಒಂದು ಮಾತು ಆಡಿ, ಕಲ್ಲುಗಳು ಅದಕ್ಕೆ ಹೂಂಗುಟ್ಟುವವರೆಗೆ ತಡೆದು, ಮುಂದಿನದಕ್ಕೆ ಹೋಗುತ್ತಿದ್ದಳು. ಅಷ್ಟು ದೊಡ್ಡ ಭವನ ಅವಳ ಕಮಾನಿನ ತುದಿಗೆ ಕಟ್ಟಿದಂತೆ ಉಸಿರಾಡುತ್ತಿತ್ತು. ಹತ್ತು ನಿಮಿಷ ದಾಟಿ ಹದಿನೈದಾದರೂ ಯಾರೂ ನಿಲ್ಲಿಸೆನ್ನಲಿಲ್ಲ. ಮುಗಿದ ಮೇಲೆ ನಿರ್ದೇಶಕರು ಎದ್ದು ವೇದಿಕೆಯ ಅಂಚಿಗೆ ಹೋದರು.

"ಇದನ್ನ ಯಾರ ಹತ್ರ ಕಲಿತೆ?"

"ಬಟ್ಟೆ ಅಂಗಡೀಲಿ."

ಅವರು ತಮಾಷೆ ಎಂದುಕೊಂಡು ನಕ್ಕರು. "ಮುಂದಿನ ಹಂಗಾಮಿಗೆ ಎರಡು ಸಂಜೆ ಇಟ್ಕೋತೀನಿ. ಆ ಹಿಂದಿನ ಕುರ್ಚಿ ಬೇರೆ ಯಾರಿಗಾದ್ರೂ ಕೊಡ್ಲಾ?"

ಅವಳು ವೇದಿಕೆಯಿಂದ ತಾಯಿಯ ಕಡೆ ನೋಡಿದಳು. ತಾಯಿ ಚೀಲದ ಬಾಯನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದು ಕುಳಿತಿದ್ದಳು. "ಕೊಡಿ," ಎಂದಳು ಮಗಳು.

ಹಿಂದಿರುಗುವ ದಾರಿಯಲ್ಲಿ ತಾಯಿ ಚೀಲವನ್ನು ಎದೆಗವಚಿಕೊಂಡು ನಡೆದಳು. ನಮ್ಮ ಬೀದಿಯ ತಿರುವಿನಲ್ಲಿ ನಿಂತು, "ಕಾಯಂ ಕೆಲಸ ಕೈಬಿಟ್ಟು ಬಂದ್ಲು ಅಣ್ಣ. ಒಳ್ಳೇದಾಯ್ತು ಅನ್ನೋಕೆ ನಂಗೆ ಇನ್ನೊಂದೆರಡು ದಿನ ಬೇಕು," ಎಂದಳು. ಎರಡು ದಿನ ಬೇಕಾಗಲಿಲ್ಲ. ಅಂದು ಸಂಜೆಯೇ ಬಂದು, ಮಗಳು ವೇದಿಕೆಗೆ ತೊಡಲು ಕೈ ಅಲುಗಿದರೆ ಸದ್ದು ಮಾಡದಂಥ ಬಟ್ಟೆ ಕೊಡಿ ಎಂದು ನನ್ನ ಥಾನುಗಳನ್ನೆಲ್ಲ ಕಿವಿಯ ಹತ್ತಿರ ಹಿಡಿದು ಉಜ್ಜಿ ಉಜ್ಜಿ ನೋಡಿದಳು.

ಅದಾಗಿ ಎಷ್ಟೋ ವರ್ಷಗಳಾದವು. ಆ ಎರಡು ಸಂಜೆಗಳು ನಾಲ್ಕಾಗಿ, ನಾಲ್ಕು ಹತ್ತಾಗಿ, ಅವಳು ಊರೂರು ಸುತ್ತತೊಡಗಿದಳು. ಮೊದಮೊದಲು ಕಾರ್ಡು ಬರೆಯುತ್ತಿದ್ದಳು. ಚಪ್ಪಾಳೆ, ಹಾರ, ಹೊಗಳಿಕೆ ಯಾವುದರ ಸುದ್ದಿಯೂ ಅವುಗಳಲ್ಲಿ ಇರುತ್ತಿರಲಿಲ್ಲ. 'ಮಾವ, ಇಲ್ಲಿ ಮರದ ಗೋಡೆ, ಬೇಗ ಉತ್ತರ ಕೊಡುತ್ತೆ.' 'ಇಲ್ಲಿ ಛಾವಣಿ ತಗ್ಗು, ಸಿಡುಕು ಸ್ವಭಾವ.' ಹುಡುಗಿ ಊರುಗಳನ್ನು ನೋಡುತ್ತಿದ್ದಾಳೋ ಹೆಣ್ಣು ಕೊಟ್ಟ ಬೀಗರ ಮನೆಗಳನ್ನು ವರ್ಣಿಸುತ್ತಿದ್ದಾಳೋ ಎಂದು ಗುಮಾಸ್ತ ನಗುತ್ತಿದ್ದ. ಅವನೀಗ ಇಲ್ಲ. ಗೋದಾಮು ಇದೆ, ಚಳಿಗಾಲದಲ್ಲಿ ಇಟ್ಟಿಗೆ ಹೊರಬಿದ್ದಾಗ ನಾನು ಒಮ್ಮೊಮ್ಮೆ ಒಳಗೆ ಹೋಗಿ ನಿಲ್ಲುತ್ತೇನೆ.

ಒಬ್ಬರೇ ಮುಂದೆ ನಿಂತು ನುಡಿಸುವವರನ್ನು ಲೋಕ ಅಹಂಕಾರಿಗಳೆಂದು ಎಣಿಸುತ್ತದೆ; ಅರವತ್ತು ಜನ ಹಿಂದೆ ಕುಳಿತಿರುವಾಗ ತಾನೊಬ್ಬನೇ ಎದ್ದು ನಿಲ್ಲಲು ಬೇಕಾಗುವ ಧೈರ್ಯ ಸೊಕ್ಕಿನಿಂದ ಬರುವಂಥದೇ ಎಂದು ನಾನೂ ತಿಳಿದಿದ್ದೆ. ಆ ಜಾತಿಯವರನ್ನು ಹತ್ತಿರದಿಂದ ನೋಡಿದ ಮೇಲೆ ಅನ್ನಿಸುತ್ತದೆ: ನಿಜವಾಗಿ ಒಂಟಿ ನಿಲ್ಲಬಲ್ಲವರು, ತಾವು ದನಿಯೆತ್ತುವ ಮೊದಲು ಸುತ್ತಲಿನ ಕಲ್ಲು, ಮರ, ಬಟ್ಟೆ, ಜನ ಎಲ್ಲದರ ಉತ್ತರಕ್ಕೂ ಜಾಗ ಮಾಡಿಕೊಟ್ಟವರು. ನಾನು ಹುಟ್ಟಾ ಮಾತುಗಾರ. ಮಾತೇ ನನ್ನ ಬಂಡವಾಳ. ಎದುರಿನವರು ಬಾಯಿ ಮುಚ್ಚುವ ಮೊದಲೇ ನನ್ನ ಉತ್ತರ ಸಿದ್ಧವಿರುತ್ತಿತ್ತು. ಈಗ ಮನೆಯಲ್ಲಿ ಹೆಂಡತಿ ಏನಾದರೂ ಹೇಳಿ ನಿಲ್ಲಿಸಿದಾಗ ನಾನು ಕೂಡಲೇ ಉತ್ತರಿಸುವುದಿಲ್ಲ, ಒಂದು ಗಳಿಗೆ ಸುಮ್ಮನಿರುತ್ತೇನೆ. ಅವಳು ಹೇಳಬೇಕೆಂದಿದ್ದದ್ದು ಎಷ್ಟೋ ಸಲ ಆ ಗಳಿಗೆ ಕಳೆದ ಮೇಲೆಯೇ ಹೊರಬರುತ್ತದೆ. ಇದನ್ನು ನನಗೆ ಕಲಿಸಿದವಳು ಆ ಹುಡುಗಿ.